ದುಡಿಯುವ ಕಿಣ್ವವೇ ಆಳುವಾಗ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ನಾಂದಣಿ ಹೊರಗಿನವರಿಗೆ ಅಲ್ಲಿನ ಜೈನ ಮಠದಿಂದಾಗಿ ಪರಿಚಿತವಾಗಿದ್ದರೂ, ಕೃಷ್ಣೆ ಮತ್ತು ಪಂಚಗಂಗೆಯ ಆಸುಪಾಸಿನ ಆ ಸೀಮೆಯ ಒಕ್ಕಲುತನದ ಲೆಕ್ಕವೆಲ್ಲ ಬಹುಮಟ್ಟಿಗೆ ಕಬ್ಬಿನ ಮೇಲೆ ನಿಂತಿದೆ. ಇಚಲಕರಂಜಿಯಿಂದ ಗಡಹಿಂಗ್ಲಜದವರೆಗೆ, ಅಲ್ಲಿಂದ ರಾಜ್ಯದ ಗಡಿ ದಾಟಿ ನಿಪ್ಪಾಣಿ, ಚಿಕ್ಕೋಡಿಗಳವರೆಗೆ ಹಬ್ಬಿದ ಈ ಕಬ್ಬಿನ ನಾಡಿನಲ್ಲಿ ನುರಿಸುವ ಹಂಗಾಮು ಆರಂಭವಾಯಿತೆಂದರೆ ಕಡಿದ ಕಬ್ಬು ಎಷ್ಟು ಬೇಗ ಕಾರ್ಖಾನೆ ಮುಟ್ಟೀತೆಂಬ ಚಿಂತೆ ರೈತನನ್ನೂ ಕಾರ್ಖಾನೆಯನ್ನೂ ಒಂದೇ ಸಮ ಕಾಡುತ್ತದೆ. ಏಕೆಂದರೆ ಒಂದೆರಡು ದಿನ ಹೊಲದಲ್ಲಿಯೇ ಬಿದ್ದ ಕಬ್ಬು ತೂಕದ ಜೊತೆಗೆ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಆ ನಷ್ಟದ ಒಂದು ಪಾಲಿಗೆ ಕಬ್ಬಿನೊಳಗಿನ ಕಿಣ್ವಗಳೇ ಕಾರಣವಾದರೆ, ಇನ್ನೊಂದು ಪಾಲಿಗೆ ಕೋಯ್ತಾದ ಏಟು ಬಿದ್ದ ತುದಿಯಿಂದ ಒಳಹೊಕ್ಕ ಬ್ಯಾಕ್ಟೀರಿಯಾಗಳು ಕಾರಣ. ಅವುಗಳಲ್ಲಿ ಲ್ಯೂಕೊನೊಸ್ಟಾಕ್ ಎಂಬುದು ಸಕ್ಕರೆಯನ್ನು ಸೀಳಿ, ಅದರ ಗ್ಲೂಕೋಸ್ ಭಾಗವನ್ನು ಒಂದಕ್ಕೊಂದು ಪೋಣಿಸಿ ಡೆಕ್ಸ್ಟ್ರಾನ್ ಎಂಬ ಲೋಳೆಯನ್ನು ಮಾಡುತ್ತದೆ. ಈ ಲೋಳೆ ಬೆರೆತ ರಸವನ್ನು ಸೋಸುವುದು ತಡವಾಗುತ್ತದೆ, ಹರಳುಗಟ್ಟುವಾಗ ಸಕ್ಕರೆಯ ಕಾಳು ಉದ್ದಕ್ಕೆ ಎಳೆದುಕೊಂಡು ಆಕಾರ ಕೆಡುತ್ತದೆ. ಹೊಲದ ಮಣ್ಣಿನಲ್ಲಿ ಎಲ್ಲೆಡೆ ಸಿಗುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮತ್ತೊಂದು ಬ್ಯಾಕ್ಟೀರಿಯಾ ಅದೇ ಸಕ್ಕರೆಯ ಇನ್ನರ್ಧವಾದ ಫ್ರಕ್ಟೋಸನ್ನು ಪೋಣಿಸಿ ಲೆವಾನ್ ಎಂಬ ಬೇರೊಂದು ಲೋಳೆಯನ್ನು ತಯಾರಿಸುತ್ತದೆ.

ಲೆವಾನ್ ಕಟ್ಟುವ ಕಿಣ್ವವನ್ನು ಬ್ಯಾಸಿಲಸ್ ಸದಾಕಾಲ ತಯಾರಿಸುತ್ತಿರುವುದಿಲ್ಲ ಎಂಬಲ್ಲಿ ಈ ಲೇಖನದ ವಿಷಯ ತೊಡಗುತ್ತದೆ. ಕಿಣ್ವವೆಂದರೆ ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು. ಅದನ್ನು ಕಟ್ಟುವ ಸೂಚನೆ ಡಿಎನ್‌ಎಯ ಒಂದು ತುಂಡಿನಲ್ಲಿ, ಅಂದರೆ ವಂಶವಾಹಿಯಲ್ಲಿ ಇರುತ್ತದೆ. ಸೂಚನೆ ಮೊದಲು ಆರ್‌ಎನ್‌ಎಯಾಗಿ ನಕಲಾಗಬೇಕು, ಆ ನಕಲನ್ನು ನೋಡಿ ಪ್ರೋಟೀನು ಕಟ್ಟಲ್ಪಡಬೇಕು, ಮತ್ತು ಈ ಎರಡೂ ಹಂತಗಳಲ್ಲಿ ಕೋಶವು ತನ್ನ ಶಕ್ತಿಯ ಬಹುಭಾಗವನ್ನು ವೆಚ್ಚ ಮಾಡಬೇಕಾಗುತ್ತದೆ. ಮಣ್ಣಿನಲ್ಲಿ ಸಕ್ಕರೆಯೇ ಇಲ್ಲದ ತಿಂಗಳುಗಳಲ್ಲಿ ಸಕ್ಕರೆಯ ಕಿಣ್ವವನ್ನು ಕಟ್ಟುತ್ತ ಕುಳಿತ ಬ್ಯಾಕ್ಟೀರಿಯಾ ಪಕ್ಕದ ಮಿತವ್ಯಯಿ ಬ್ಯಾಕ್ಟೀರಿಯಾದ ಮುಂದೆ ಬಹುಕಾಲ ಉಳಿಯಲಾರದು. ಆದ್ದರಿಂದ ಯಾವ ವಂಶವಾಹಿಯನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕೆಂಬ ನಿಯಂತ್ರಣ ಬ್ಯಾಕ್ಟೀರಿಯಾದ ಬದುಕಿನ ನಡುಮನೆಯ ವ್ಯವಹಾರ. ಕಬ್ಬಿನ ರಸ ತನ್ನ ಮೇಲೆ ಹರಿದಿದೆಯೆಂದು ಕಣ್ಣು ನಾಲಿಗೆಗಳಿಲ್ಲದ ಈ ಜೀವಿಗೆ ಯಾರು ತಿಳಿಸುತ್ತಾರೆ?

ಕಾಲೇಜಿನ ಪಠ್ಯಪುಸ್ತಕಗಳು ಈ ಪ್ರಶ್ನೆಗೆ ಕೊಡುವ ಉತ್ತರ 1961ರಷ್ಟು ಹಳೆಯದು. ಆ ವರ್ಷ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಅವರು, ಕರುಳುವಾಸಿಯಾದ ಎಶರಿಕಿಯಾ ಕೋಲೈ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಳಸುವ ಬಗೆಯನ್ನು ಅಭ್ಯಸಿಸಿ, ವಂಶವಾಹಿಗಳಲ್ಲಿ ಎರಡು ಬಗೆ ಉಂಟೆಂದು ಪ್ರತಿಪಾದಿಸಿದರು. ಒಂದು ಬಗೆಯವು ಕಿಣ್ವಗಳನ್ನು ಕಟ್ಟುತ್ತವೆ. ಇನ್ನೊಂದು ಬಗೆಯವು ಆ ಕಿಣ್ವಗಳ ಉತ್ಪಾದನೆಯ ಮೇಲೆ ಅಂಕೆಯಿಡುವ ನಿಯಂತ್ರಕಗಳನ್ನು ಕಟ್ಟುತ್ತವೆ. ಲ್ಯಾಕ್ಟೋಸ್ ಇಲ್ಲದಾಗ ನಿಯಂತ್ರಕವು ಡಿಎನ್‌ಎಯ ಮೇಲೆ ಕುಳಿತು ದಾರಿ ಕಟ್ಟುತ್ತದೆ, ಲ್ಯಾಕ್ಟೋಸ್ ಬಂದಾಗ ಎದ್ದುಹೋಗುತ್ತದೆ. 1965ರಲ್ಲಿ ಆಂದ್ರೆ ಲ್ವೋಫ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಈ ಕಲ್ಪನೆಯ ಸತ್ವದ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ದುಡಿಯುವ ಪ್ರೋಟೀನು ಬೇರೆ, ಆಳುವ ಪ್ರೋಟೀನು ಬೇರೆ ಎಂಬ ವಿಂಗಡಣೆ ಅದರಿಂದ ಎಷ್ಟು ಗಟ್ಟಿಯಾಗಿ ನೆಲೆಯೂರಿತೆಂದರೆ, ಕಿಣ್ವವೇ ವಂಶವಾಹಿಯನ್ನು ಆಳುವ ನಿದರ್ಶನಗಳು ಒಂದೊಂದಾಗಿ ಕಣ್ಣೆದುರಿಗೆ ಬಂದರೂ ಅವನ್ನು ಬಹಳ ವರ್ಷಗಳವರೆಗೆ ಅಪವಾದಗಳೆಂದೇ ಬದಿಗಿಡಲಾಯಿತು.

ವಿಚಿತ್ರವೆಂದರೆ ಲ್ಯಾಕ್ಟೋಸಿನ ಆ ಮಾದರಿ ಪ್ರಕರಣದೊಳಗೇ ಒಂದು ಕಿಣ್ವ ಅಡಗಿ ಕುಳಿತಿದೆ. ನಿಯಂತ್ರಕವನ್ನು ಡಿಎನ್‌ಎಯಿಂದ ಬಿಡಿಸುವುದು ನಿಜವಾಗಿ ಲ್ಯಾಕ್ಟೋಸ್ ಅಲ್ಲ, ಅದರಿಂದ ಹುಟ್ಟುವ ಅಲ್ಲೋಲ್ಯಾಕ್ಟೋಸ್ ಎಂಬ ಸೋದರ ಸಕ್ಕರೆ. ಅದನ್ನು ಹುಟ್ಟಿಸುವುದು ಲ್ಯಾಕ್ಟೋಸನ್ನು ಒಡೆಯಲೆಂದೇ ಇರುವ ಬೀಟಾ ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವ. ಈ ಕಿಣ್ವ ಕೆಟ್ಟಿರುವ ಕೋಶಕ್ಕೆ ಎಷ್ಟು ಲ್ಯಾಕ್ಟೋಸ್ ಉಣಿಸಿದರೂ ಅದರ ವಂಶವಾಹಿಗಳು ತೆರೆದುಕೊಳ್ಳುವುದಿಲ್ಲ. ಮುಚ್ಚಿದ ಸ್ಥಿತಿಯಲ್ಲೂ ಸೋರಿ ಹುಟ್ಟುವ ಬೆರಳೆಣಿಕೆಯಷ್ಟು ಕಿಣ್ವದ ಅಣುಗಳು ಮೊದಲ ತುತ್ತನ್ನು ಒಡೆದು, ಆ ತುತ್ತಿನಿಂದಲೇ ಸುದ್ದಿಯನ್ನು ತಯಾರಿಸಿ ಕಳಿಸಿದ ಮೇಲೆಯೇ ನಿಯಂತ್ರಕಕ್ಕೆ ಲ್ಯಾಕ್ಟೋಸಿನ ಅರಿವಾಗುವುದು.

ಇಲ್ಲಿ ಕಿಣ್ವದ ಪಾತ್ರ ಪರೋಕ್ಷವಾದುದು. ಅದು ಡಿಎನ್‌ಎಯನ್ನಾಗಲಿ ನಿಯಂತ್ರಕವನ್ನಾಗಲಿ ಮುಟ್ಟುವುದಿಲ್ಲ. ಕಿಣ್ವವು ನಿಯಂತ್ರಣಕ್ಕೆ ನೇರವಾಗಿ ಕೈಹಾಕುವುದನ್ನು ನೋಡಬೇಕಾದರೆ ಕಬ್ಬಿನ ಸಕ್ಕರೆಯ ಕಡೆಗೇ ಮರಳಬೇಕು.

ಸಕ್ಕರೆಯು ಬ್ಯಾಸಿಲಸ್ಸಿನ ಕೋಶಪೊರೆಯನ್ನು ತಾನಾಗಿ ದಾಟಲಾರದು. ಅದನ್ನು ಒಳಗೆ ಸಾಗಿಸಲು ಪೊರೆಯಲ್ಲಿ ನೆಟ್ಟುಕೊಂಡ ಒಂದು ಸಾಗಣೆ ಕಿಣ್ವವಿದೆ. ಬರಿಯ ಬಾಗಿಲೆನ್ನದೆ ಕಿಣ್ವವೆನ್ನಲು ಕಾರಣವೇನೆಂದರೆ, ಸಕ್ಕರೆ ಒಳಬರುವ ಗಳಿಗೆಯಲ್ಲಿಯೇ ಅದರ ಮೇಲೆ ಒಂದು ಫಾಸ್ಫೇಟ್ ಗುಂಪನ್ನು ಇದು ಹಚ್ಚುತ್ತದೆ. ಫಾಸ್ಫೇಟ್ ಹಚ್ಚಿದ ಸಕ್ಕರೆಗೆ ಹೊರಗೆ ತಪ್ಪಿಸಿಕೊಳ್ಳಲಾಗುವುದಿಲ್ಲ, ಮುಂದಿನ ಪಚನಕ್ಕೂ ಅದು ಸಿದ್ಧವಾಗಿರುತ್ತದೆ. ಆ ಫಾಸ್ಫೇಟ್ ಬರುವುದು ಗ್ಲೂಕೋಸ್ ಒಡೆಯುವ ದಾರಿಯ ಕೊನೆಯ ಹಂತಗಳಲ್ಲಿ ಹುಟ್ಟುವ ಫಾಸ್ಫೋಈನಾಲ್‌ಪೈರುವೇಟ್ ಎಂಬ ಪದಾರ್ಥದಿಂದ. ಅದು ಎರಡು ಮೂರು ಪ್ರೋಟೀನುಗಳ ಕೈ ಬದಲಿಸುತ್ತ ಪೊರೆಯ ಕಿಣ್ವವನ್ನು ತಲುಪಿ, ಅಲ್ಲಿಂದ ಸಕ್ಕರೆಗೆ ದಾಟುತ್ತದೆ. ಫಾಸ್ಫೇಟ್ ದಾಟಿಸುವ ಈ ಇಡೀ ಏರ್ಪಾಟನ್ನು ಎಶರಿಕಿಯಾ ಕೋಲೈನಲ್ಲಿ 1964ರಲ್ಲಿ ಬೆಳಕಿಗೆ ತಂದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ವರ್ನರ್ ಕುಂಡಿಗ್, ಸುಧಾಮಯ ಘೋಷ್ ಮತ್ತು ಸಾಲ್ ರೋಸ್‌ಮನ್.

ಹೊರಗೆ ಸಕ್ಕರೆ ಇಲ್ಲದಾಗ ಪೊರೆಯ ಕಿಣ್ವಕ್ಕೆ ಫಾಸ್ಫೇಟ್ ಬಂದು ಸೇರುತ್ತಲೇ ಇರುತ್ತದೆ, ಆದರೆ ಅದನ್ನು ಹಚ್ಚಲು ಸಕ್ಕರೆ ಸಿಗುವುದಿಲ್ಲ. ಆಗ ಕಿಣ್ವವು ತನ್ನ ಫಾಸ್ಫೇಟನ್ನು ಒಂದು ನಿಯಂತ್ರಕ ಪ್ರೋಟೀನಿಗೆ ಹಚ್ಚಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಸಕ್ಕರೆ ಹರಿದುಬಂತೆಂದರೆ ಫಾಸ್ಫೇಟೆಲ್ಲ ಸಕ್ಕರೆಯ ಪಾಲಾಗಿ, ನಿಯಂತ್ರಕ ತನ್ನಷ್ಟಕ್ಕೆ ಬಿಡುಗಡೆ ಹೊಂದಿ, ಸಕ್ಕರೆ ಬಳಸುವ ವಂಶವಾಹಿಗಳ ನಕಲು ಮುಂದುವರಿಯುತ್ತದೆ. ಬ್ಯಾಸಿಲಸ್ಸಿನಲ್ಲಿ ಇಂಥ ನಿಯಂತ್ರಕಗಳು ಎರಡಿವೆ: ಸ್ಯಾಕ್‌ಟಿ ಎಂಬುದು ಕಡಿಮೆ ಸಕ್ಕರೆಗೇ ಎಚ್ಚೆತ್ತು ಸಕ್ಕರೆಯ ಸಾಗಣೆ ಮತ್ತು ಸೀಳಿಕೆಗೆ ಬೇಕಾದ ವಂಶವಾಹಿಗಳನ್ನು ತೆರೆದರೆ, ಸ್ಯಾಕ್‌ವೈ ಎಂಬುದು ಸಕ್ಕರೆ ಹೇರಳವಾಗಿದ್ದಾಗ ಮಾತ್ರ ಎದ್ದು ಲೆವಾನ್ ಕಟ್ಟುವ ಕಿಣ್ವದ ವಂಶವಾಹಿಯನ್ನು ತೆರೆಯುತ್ತದೆ. ತೆಳು ರಸಕ್ಕೆ ಊಟ, ಗಟ್ಟಿ ರಸಕ್ಕೆ ಲೋಳೆಯ ಸಂಗ್ರಹ ಎಂಬ ಈ ಹಂಚಿಕೆಯನ್ನು ನೋಡಿದರೆ ಕಬ್ಬಿನ ಹೊಲದಂಥ ಜಾಗದಲ್ಲಿ ಬ್ಯಾಸಿಲಸ್ ಯಾವಾಗ ಏನು ಮಾಡೀತೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಕೊಲ್ಹಾಪುರ ಸೀಮೆಯ ಬೆಲ್ಲದ ಗಾಣದಲ್ಲಿ ಪಾಕ ತಿರುವುವವನೇ ಪಾಕದ ಹದ ನೋಡಿ ಒಲೆಗೆ ಸಿಪ್ಪೆ ಒಟ್ಟುವವನಿಗೆ ಉರಿ ಏರಿಸಲು ಇಳಿಸಲು ಹೇಳುವಂತೆ, ಇಲ್ಲಿ ಸಕ್ಕರೆಯನ್ನು ಕೈಯಿಂದ ಮುಟ್ಟುವ ಕಿಣ್ವವೇ ಉತ್ಪಾದನೆಯ ಅಳತೆಯನ್ನೂ ಗೊತ್ತುಮಾಡುತ್ತದೆ. ನೋಡಿ ಬರಲು ಬೇರೊಬ್ಬ ಮೇಲ್ವಿಚಾರಕನ ಅವಶ್ಯಕತೆ ಬೀಳುವುದಿಲ್ಲ.

ಇದೇ ಕುಟುಂಬದ ಮತ್ತೊಂದು ವ್ಯವಸ್ಥೆಯನ್ನು ಬಿಡಿಸಿ ನೋಡಿದ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಎಶರಿಕಿಯಾ ಕೋಲೈನಲ್ಲಿ ಬಿಜಿಎಲ್ ಎಂದು ಕರೆಯಲ್ಪಡುವ ವಂಶವಾಹಿಗಳ ಗುಂಪೊಂದಿದೆ. ವಿಲ್ಲೋ ಮರದ ತೊಗಟೆಯಲ್ಲಿರುವ ಸ್ಯಾಲಿಸಿನ್, ಇತರ ಕೆಲವು ಗಿಡಗಳಲ್ಲಿರುವ ಆರ್ಬ್ಯುಟಿನ್ ಮೊದಲಾದ ಬೀಟಾ ಗ್ಲೂಕೋಸೈಡುಗಳನ್ನು, ಅಂದರೆ ಗ್ಲೂಕೋಸಿಗೆ ಇನ್ನೊಂದು ಸಸ್ಯಜನ್ಯ ಅಣು ಅಂಟಿಕೊಂಡ ಪದಾರ್ಥಗಳನ್ನು, ಬಳಸಿಕೊಳ್ಳಲು ಬೇಕಾದುದೆಲ್ಲ ಈ ಗುಂಪಿನಲ್ಲಿದೆ. ಬಿಜಿಎಲ್‌ಎಫ್ ಎಂಬುದು ಪೊರೆಯ ಸಾಗಣೆ ಕಿಣ್ವ, ಬಿಜಿಎಲ್‌ಬಿ ಎಂಬುದು ಒಳಬಂದುದನ್ನು ಸೀಳುವ ಕಿಣ್ವ, ಬಿಜಿಎಲ್‌ಜಿ ಎಂಬುದು ನಿಯಂತ್ರಕ. 1987ರಲ್ಲಿ, ಮುಂದೆ ಬೆಂಗಳೂರಿನಲ್ಲಿ ಈ ಕೆಲಸ ಮುಂದುವರಿಸಿದ ಎಸ್. ಮಹಾದೇವನ್ ಮತ್ತು ಆಂಡ್ರ್ಯೂ ರೈಟ್ ಅವರು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ಸಂಶೋಧನೆ ಈ ನಿಯಂತ್ರಕ ಕೆಲಸ ಮಾಡುವ ಅಪರೂಪದ ರೀತಿಯನ್ನು ತೋರಿಸಿತು. ಲ್ಯಾಕ್ಟೋಸಿನ ನಿಯಂತ್ರಕ ನಕಲು ಆರಂಭವಾಗದಂತೆ ತಡೆಯುತ್ತದಷ್ಟೆ. ಬಿಜಿಎಲ್ ಗುಂಪಿನಲ್ಲಿ ನಕಲು ಆರಂಭವಾಗುತ್ತದೆ, ಆದರೆ ಸ್ವಲ್ಪ ದೂರ ಸಾಗಿದ ಮೇಲೆ ಹೊಸದಾಗಿ ಹುಟ್ಟಿದ ಆರ್‌ಎನ್‌ಎ ತನ್ನ ಮೇಲೆಯೇ ಮಡಚಿಕೊಂಡು ಕುಣಿಕೆಯಾಗಿ, ನಕಲು ಮಾಡುವ ಯಂತ್ರವನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಬಿಜಿಎಲ್‌ಜಿ ಈ ಆರ್‌ಎನ್‌ಎಯನ್ನು ಹಿಡಿದು ಕುಣಿಕೆ ಬೀಳದಂತೆ ನೋಡಿಕೊಂಡರೆ ನಕಲು ಕೊನೆಯವರೆಗೆ ಸಾಗುತ್ತದೆ. ಬ್ಯಾಸಿಲಸ್ಸಿನ ಸ್ಯಾಕ್‌ಟಿ, ಸ್ಯಾಕ್‌ವೈಗಳೂ ಇದೇ ಉಪಾಯವನ್ನು ಅನುಸರಿಸುತ್ತವೆ.

ಬಿಜಿಎಲ್‌ಜಿಗೆ ಕಡಿವಾಣ ಹಾಕುವುದು ಪೊರೆಯ ಸಾಗಣೆ ಕಿಣ್ವವಾದ ಬಿಜಿಎಲ್‌ಎಫ್ ಎಂಬುದನ್ನು ರೈಟ್ ಅವರ ಪ್ರಯೋಗಶಾಲೆಯಲ್ಲಿಯೇ ಓರ್ನಾ ಆಮ್ಸ್ಟರ್ ಚೋಡರ್ ಮತ್ತು ಸಂಗಡಿಗರು 1989ರಲ್ಲಿ ಸ್ಪಷ್ಟಪಡಿಸಿದರು. ಸ್ಯಾಲಿಸಿನ್ ಇಲ್ಲದಾಗ ಈ ಕಿಣ್ವ ಬಿಜಿಎಲ್‌ಜಿಗೆ ಫಾಸ್ಫೇಟ್ ಹಚ್ಚುತ್ತದೆ. ಸ್ಯಾಲಿಸಿನ್ ಬಂದಾಗ ಹಚ್ಚಿದ ಫಾಸ್ಫೇಟನ್ನು ತಾನೇ ಮರಳಿ ಕಿತ್ತುಕೊಳ್ಳುತ್ತದೆ. ಫಾಸ್ಫೇಟ್ ಕಳೆದುಕೊಂಡ ಬಿಜಿಎಲ್‌ಜಿ ಅಣುಗಳು ಎರಡೆರಡಾಗಿ ಜೊತೆಗೂಡುತ್ತವೆ, ಜೊತೆಗೂಡಿದ ಮೇಲಷ್ಟೇ ಅವಕ್ಕೆ ಆರ್‌ಎನ್‌ಎಯನ್ನು ಹಿಡಿಯುವ ಶಕ್ತಿ ಬರುತ್ತದೆ ಎಂಬುದು 1992ರ ಹೊತ್ತಿಗೆ ತಿಳಿದುಬಂತು. ಪೊರೆಯ ಹೊರಮೈಯಲ್ಲಿ ಸ್ಯಾಲಿಸಿನ್ ಮುಟ್ಟಿದ ಸಂಗತಿ ಒಳಗಿನ ಆರ್‌ಎನ್‌ಎಯವರೆಗೆ ಹೋಗಿ ಮುಟ್ಟುವ ಈ ಸರಪಳಿಯಲ್ಲಿ ಕೊಂಡಿಗಳು ಎಷ್ಟು ಕಡಿಮೆಯೆಂಬುದನ್ನು ಗಮನಿಸಬೇಕು: ಒಂದು ಕಿಣ್ವ, ಒಂದು ನಿಯಂತ್ರಕ, ನಡುವೆ ಓಡಾಡುವ ಒಂದು ಫಾಸ್ಫೇಟ್.

ಇಷ್ಟೆಲ್ಲ ಅಚ್ಚುಕಟ್ಟಾದ ಏರ್ಪಾಟನ್ನು ಹೊತ್ತಿದ್ದರೂ ನಿಸರ್ಗದಲ್ಲಿ ಸಿಗುವ ಎಶರಿಕಿಯಾ ಕೋಲೈ ಸಾಮಾನ್ಯವಾಗಿ ಸ್ಯಾಲಿಸಿನ್ ತಿನ್ನಲಾರದು. ಡಿಎನ್‌ಎಯನ್ನು ಸುತ್ತಿ ಹಿಡಿಯುವ ಎಚ್‌ಎನ್‌ಎಸ್ ಎಂಬ ಪ್ರೋಟೀನು ಬಿಜಿಎಲ್ ಗುಂಪನ್ನು ಆರಂಭದಲ್ಲಿಯೇ ಅದುಮಿಟ್ಟಿರುತ್ತದೆ. ಡಿಎನ್‌ಎಯ ಅಲೆಮಾರಿ ತುಂಡೊಂದು ಆ ಜಾಗಕ್ಕೆ ಬಂದು ಸೇರುವಂಥ ಆಕಸ್ಮಿಕ ಬದಲಾವಣೆಯಾದರೆ ಮಾತ್ರ ಗುಂಪು ಎಚ್ಚೆತ್ತುಕೊಳ್ಳುತ್ತದೆ. ಬಳಕೆಯಿಲ್ಲದ ವಂಶವಾಹಿಗಳು ಕಾಲಕ್ರಮದಲ್ಲಿ ಕೆಟ್ಟು ಅಳಿಯುವುದು ವಿಕಾಸದ ಸಾಮಾನ್ಯ ನಡೆಯಾಗಿರುವಾಗ ಇವು ಕೆಡದೆ ಹೇಗೆ ಉಳಿದವು ಎಂಬ ಪ್ರಶ್ನೆಯನ್ನು ಮಹಾದೇವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಬೆನ್ನುಹತ್ತಿದರು. 2005ರಲ್ಲಿ ರಂಜನಾ ಮದನ್ ಮತ್ತು ರಾಬರ್ಟೊ ಕೋಲ್ಟರ್ ಅವರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ ಮುಗಿದು ಬೆಳವಣಿಗೆ ನಿಂತ ಸ್ಥಿತಿಯಲ್ಲಿ ಬಿಜಿಎಲ್ ಎಚ್ಚೆತ್ತ ಬ್ಯಾಕ್ಟೀರಿಯಾ ಎಚ್ಚೆತ್ತಿಲ್ಲದ ಸೋದರರನ್ನು ಹಿಂದೆ ಹಾಕುತ್ತದೆಂದು ಕಂಡುಬಂತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಫಲಿತಾಂಶ ಇದಕ್ಕಿಂತ ಸ್ವಾರಸ್ಯಕರ. ಸ್ಯಾಲಿಸಿನನ್ನು ಸೀಳಿದಾಗ ಗ್ಲೂಕೋಸ್ ಬ್ಯಾಕ್ಟೀರಿಯಾದ ಆಹಾರವಾಗುತ್ತದೆ, ಉಳಿದ ಸ್ಯಾಲಿಜೆನಿನ್ ಹೊರಗೆ ಬೀಳುತ್ತದೆ. ಈ ಸ್ಯಾಲಿಜೆನಿನ್ ಬ್ಯಾಕ್ಟೀರಿಯಾವನ್ನು ತಿನ್ನಲು ಬರುವ ಮಣ್ಣಿನ ಅಮೀಬಾ ಡಿಕ್ಟಿಯೋಸ್ಟೀಲಿಯಮ್ಮಿಗೂ ಸಣ್ಣ ದುಂಡುಹುಳುಗಳಿಗೂ ವಿಷ. ಊಟದ ಎಂಜಲೇ ವೈರಿಗೆ ಮದ್ದರೆಯುವಂತಾದ ಮೇಲೆ ಆ ವಂಶವಾಹಿಗಳನ್ನು ಅಳಿಯಗೊಡದೆ ಕಾಪಿಡಲು ಕಾರಣ ಬೇಕಿದ್ದರೆ ಇದೂ ಒಂದಾಗಬಹುದು.

ಸಕ್ಕರೆಯ ಮಾತಾದ ಮೇಲೆ ಸಾರಜನಕದ ಮಾತು ಬರಬೇಕು, ಏಕೆಂದರೆ ಕಬ್ಬಿನ ಹೊಲಕ್ಕೆ ಸುರಿಯುವ ಯೂರಿಯಾದ ಲಾಭ ಕಬ್ಬಿಗಷ್ಟೇ ಅಲ್ಲ, ಮಣ್ಣಿನ ಬ್ಯಾಕ್ಟೀರಿಯಾಗಳಿಗೂ ಸಿಗುತ್ತದೆ. ಯೂರಿಯಾ ಒಡೆದು ಅಮೋನಿಯಂ ಆದಾಗ ಅದನ್ನು ಗ್ಲುಟಮೇಟಿನೊಡನೆ ಕೂಡಿಸಿ ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನಾಗಿ ಮಾಡುವ ಕಿಣ್ವದ ಹೆಸರು ಗ್ಲುಟಮಿನ್ ಸಿಂಥೆಟೇಸ್. ಗ್ಲುಟಮಿನ್ ಸಾಕಷ್ಟು ತುಂಬಿಕೊಂಡಾಗ ಅದೇ ಹಿಂದಿರುಗಿ ಬಂದು ಕಿಣ್ವಕ್ಕೆ ಅಂಟಿ ಅದನ್ನು ನಿಧಾನಗೊಳಿಸುತ್ತದೆ. ಅಮೆರಿಕದ ಲೂಯಿಸ್ ರೇ, ಜಿಲ್ ಝಾಲೀಕಸ್ ಮತ್ತು ಸೂಸನ್ ಫಿಶರ್ 2001ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಬ್ಯಾಸಿಲಸ್ಸಿನಲ್ಲಿ ಹೀಗೆ ನಿಧಾನಗೊಂಡ ಕಿಣ್ವ ಸುಮ್ಮನಿರದೆ ಟಿಎನ್‌ಆರ್‌ಎ ಎಂಬ ನಿಯಂತ್ರಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಟಿಎನ್‌ಆರ್‌ಎಯ ಕೆಲಸ ಸಾರಜನಕದ ಬರಗಾಲದಲ್ಲಿ ನೈಟ್ರೇಟ್ ಬಳಸುವ, ಅಮೋನಿಯಂ ಹೆಕ್ಕಿ ತರುವ ವಂಶವಾಹಿಗಳನ್ನು ತೆರೆಯುವುದು. ಕಿಣ್ವದ ಹಿಡಿತದಲ್ಲಿ ಸಿಕ್ಕ ಅದು ಡಿಎನ್‌ಎಯನ್ನು ಮುಟ್ಟಲಾರದು. ಗ್ಲುಟಮಿನ್ ಇಳಿದಾಗ ಕಿಣ್ವ ತನ್ನ ಮೂಲಕೆಲಸಕ್ಕೆ ಮರಳುತ್ತದೆ, ನಿಯಂತ್ರಕ ಕೈತಪ್ಪಿಸಿಕೊಂಡು ಡಿಎನ್‌ಎಯ ಮೇಲೆ ಹೋಗಿ ಕೂರುತ್ತದೆ. ಗ್ಲುಟಮಿನ್ನಿನ ಪ್ರಮಾಣವನ್ನು ಅಳೆಯುವ ಬೇರೊಂದು ಪ್ರೋಟೀನನ್ನು ಬ್ಯಾಸಿಲಸ್ ಸೃಷ್ಟಿಸಿಕೊಳ್ಳಬಹುದಿತ್ತು, ಆದರೆ ಗ್ಲುಟಮಿನ್ನನ್ನು ಗುರುತಿಸಿ ಹಿಡಿಯುವ ಜಾಗ ಈಗಾಗಲೇ ಕಿಣ್ವದಲ್ಲಿ ತಯಾರಿರುವಾಗ ಅದನ್ನೇ ಎರಡನೆಯ ಬಾರಿ ಉಪಯೋಗಿಸಿಕೊಳ್ಳುವುದು ವಿಕಾಸಕ್ಕೆ ಸುಲಭದ ದಾರಿಯಾಗಿತ್ತೆಂದು ತೋರುತ್ತದೆ. ಬಹುಶಃ ಇಂಥ ಕಿಣ್ವಗಳು ಮತ್ತೆ ಮತ್ತೆ ಹುಟ್ಟಿಕೊಂಡುದರ ಗುಟ್ಟೇ ಇದು.

ಇನ್ನೂ ಮುಂದೆ ಹೋಗಿ, ನಿಯಂತ್ರಕದ ಸಹಾಯವನ್ನೂ ಕೇಳದೆ ತಾನೇ ಡಿಎನ್‌ಎಯ ಮೇಲೆ ಕೂರುವ ಕಿಣ್ವವೂ ಇದೆ. ಅದರ ಪರಿಚಯವನ್ನು ಉಪ್ಪಿನ ನೆಲದಿಂದ ತೊಡಗಬಹುದು. ಶಿರೋಳ ತಾಲೂಕಿನ ಕಪ್ಪು ನೆಲದಲ್ಲಿ ಅತಿಯಾದ ನೀರಾವರಿಯಿಂದ ಸವಳು ಜವಳಾದ ಹೊಲಗಳು ಎಲ್ಲರಿಗೂ ಗೊತ್ತಿರುವ ಸಮಸ್ಯೆ. ಉಪ್ಪಿನ ನೆಲದಲ್ಲಿ ಬೆಳೆಯುವ ಅನೇಕ ಸಸ್ಯಗಳು ನೀರನ್ನು ಹಿಡಿದಿಟ್ಟುಕೊಳ್ಳಲು ತಮ್ಮ ಕೋಶಗಳಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಸಂಗ್ರಹಿಸುತ್ತವೆ. ಬ್ಯಾಕ್ಟೀರಿಯಾಗಳಿಗೂ ಪ್ರೋಲಿನ್ ಒಳ್ಳೆಯ ಆಹಾರ. ಎಶರಿಕಿಯಾ ಮತ್ತು ಸಾಲ್ಮೊನೆಲ್ಲಾಗಳಲ್ಲಿ ಅದನ್ನು ಪಚನ ಮಾಡುವ ಪುಟ್‌ಎ ಎಂಬ ಕಿಣ್ವವು ಪ್ರೋಲಿನ್ ಇಲ್ಲದಾಗ ಡಿಎನ್‌ಎಯ ಮೇಲೆ ಕುಳಿತು ತನ್ನದೇ ವಂಶವಾಹಿಯನ್ನೂ ಪ್ರೋಲಿನ್ ಸಾಗಣೆಯ ವಂಶವಾಹಿಯನ್ನೂ ಮುಚ್ಚುತ್ತದೆ. ಪ್ರೋಲಿನ್ ಸಿಕ್ಕೊಡನೆ ಪಚನಕ್ರಿಯೆಯಲ್ಲಿ ಎಲೆಕ್ಟ್ರಾನುಗಳನ್ನು ಪಡೆದು ಆಕಾರ ಬದಲಿಸಿ, ಡಿಎನ್‌ಎಯನ್ನು ಬಿಟ್ಟು ಕೋಶಪೊರೆಗೆ ಹೋಗಿ ಅಂಟಿಕೊಂಡು ಕೆಲಸಕ್ಕಿಳಿಯುತ್ತದೆ. ಕೆಲಸ ಸಿಕ್ಕ ಕಿಣ್ವಕ್ಕೆ ಕಾವಲು ಕಾಯಲು ಪುರುಸೊತ್ತಿಲ್ಲ, ಕಾವಲು ಕಾಯುವವನು ಇಲ್ಲದ ಹೊತ್ತಿನಲ್ಲಿ ಇನ್ನಷ್ಟು ಕಿಣ್ವ ಹುಟ್ಟುತ್ತದೆ.

ಕಬ್ಬಿಣದ ಕೊರತೆಯನ್ನು ಅರಿಯುವ ಕಿಣ್ವದ ಉದಾಹರಣೆ ಅಕೋನಿಟೇಸ್. ಆಹಾರದಿಂದ ಶಕ್ತಿಯನ್ನು ಹಿಂಡುವ ಸಿಟ್ರಿಕ್ ಆಮ್ಲ ಚಕ್ರದಲ್ಲಿ ದುಡಿಯುವ ಈ ಕಿಣ್ವದ ಒಡಲಲ್ಲಿ ಕಬ್ಬಿಣ ಮತ್ತು ಗಂಧಕದ ಗೊಂಚಲೊಂದಿದೆ. ಕಬ್ಬಿಣ ಸಿಗದೆ ಗೊಂಚಲು ಕಳಚಿದಾಗ ಅದು ಕಿಣ್ವವಾಗಿ ನಿಂತುಹೋಗಿ ಆರ್‌ಎನ್‌ಎಯನ್ನು ಹಿಡಿಯುವ ಪ್ರೋಟೀನಾಗುತ್ತದೆ. ಕ್ಷಯರೋಗದ ಬ್ಯಾಕ್ಟೀರಿಯಾದ ಅಕೋನಿಟೇಸಿಗೂ ಈ ಗುಣವಿದೆಯೆಂದು ಹೈದರಾಬಾದಿನಲ್ಲಿ ಶರ್ಮಿಷ್ಠಾ ಬ್ಯಾನರ್ಜಿ, ಸೈಯದ್ ಹಸ್ನೈನ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ರೋಗಿಯ ದೇಹ ಕಬ್ಬಿಣವನ್ನು ಬ್ಯಾಕ್ಟೀರಿಯಾಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಆ ರೋಗಾಣುವಿನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ.

ಇಂಥ ಕಿಣ್ವಗಳ ಪಟ್ಟಿ ಬೆಳೆಯುತ್ತ ಹೋದಂತೆ ಜರ್ಮನಿಯ ಗಟಿಂಗೆನ್ನಿನ ಫಾಬಿಯಾನ್ ಕೊಮಿಶಾವ್ ಮತ್ತು ಯೋರ್ಗ್ ಸ್ಟ್ಯೂಲ್ಕೆ 2008ರಲ್ಲಿ ಅವನ್ನೆಲ್ಲ ಒಂದೇ ಸೂರಿನಡಿ ತಂದು, ಇವು ಬಿಡಿ ಅಪವಾದಗಳಲ್ಲ, ಸ್ವತಂತ್ರವಾದೊಂದು ವರ್ಗವೇ ಎಂದು ವಾದಿಸಿದರು. ವಾದ ಒಪ್ಪತಕ್ಕದ್ದೇ. ಆದರೂ ಉತ್ಸಾಹ ಮಿತಿಮೀರಬಾರದು. ಎಶರಿಕಿಯಾ ಕೋಲೈನ ಸುಮಾರು 4,300 ವಂಶವಾಹಿಗಳ ಪೈಕಿ ಸುಮಾರು 300 ವಂಶವಾಹಿಗಳು ಡಿಎನ್‌ಎಯನ್ನು ಹಿಡಿದು ನಕಲನ್ನು ನಿಯಂತ್ರಿಸುವ ಪ್ರೋಟೀನುಗಳಿಗೆ ಸೇರಿದವು, ಅವುಗಳಲ್ಲಿ ಹೆಚ್ಚಿನವು ಜಾಕೋಬ್ ಮತ್ತು ಮೊನೊ ಹೇಳಿದಂತೆ ನಿಯಂತ್ರಣವೊಂದನ್ನೇ ಕಸುಬಾಗಿ ಮಾಡಿಕೊಂಡವು. ಇನ್ನು, ಪ್ರಯೋಗನಳಿಕೆಯಲ್ಲಿ ಒಂದು ಕಿಣ್ವ ಡಿಎನ್‌ಎಗೋ ನಿಯಂತ್ರಕಕ್ಕೋ ಅಂಟಿದ ಮಾತ್ರಕ್ಕೆ ಕೋಶದೊಳಗೂ ಅದು ಹಾಗೆಯೇ ಮಾಡುತ್ತದೆಂದು ತಿಳಿಯುವಂತಿಲ್ಲ. ಕಿಣ್ವವನ್ನು ಕೆಡಿಸಿದಾಗ ವಂಶವಾಹಿಗಳ ನಡೆ ಬದಲಾದರೂ ಸಾಲದು, ಏಕೆಂದರೆ ಕಿಣ್ವದ ಕೆಲಸ ನಿಂತು ಪದಾರ್ಥಗಳ ಪ್ರಮಾಣ ಏರುಪೇರಾದುದರಿಂದಲೂ ಅದು ಬದಲಾಗಿರಬಹುದು. ಒಂದೇ ಪ್ರೋಟೀನಿನ ಎರಡು ಕಸುಬುಗಳನ್ನು ಬೇರ್ಪಡಿಸಿ, ಒಂದು ಸತ್ತರೂ ಇನ್ನೊಂದು ಬದುಕಿರುವುದನ್ನು ತೋರಿಸಿದರೆ ಮಾತ್ರ ಸಾಕ್ಷ್ಯ ಗಟ್ಟಿಯಾಗುತ್ತದೆ.

ಈ ಒರೆಗಲ್ಲಿಗೆ ಹಚ್ಚಿ ನೋಡಿದ ಒಂದು ಉದಾಹರಣೆ ಬೆಂಗಳೂರಿನದೇ. ಬ್ಯಾಕ್ಟೀರಿಯಾಗಳ ಕೋಶಗೋಡೆಗೆ ಗ್ಲುಟಮೇಟಿನ ಕನ್ನಡಿಬಿಂಬದಂಥ ರೂಪವಾದ ಡಿ ಗ್ಲುಟಮೇಟ್ ಬೇಕಾಗುತ್ತದೆ. ಸಾಮಾನ್ಯ ಗ್ಲುಟಮೇಟನ್ನು ಆ ರೂಪಕ್ಕೆ ಹೊರಳಿಸುವ ಕಿಣ್ವ ಮುರ್‌ಐ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ, ಸುಗೋಪಾ ಸೇನ್‌ಗುಪ್ತ ಮತ್ತು ಸಂಗಡಿಗರು 2006ರಲ್ಲಿ, ಕ್ಷಯದ ಬ್ಯಾಕ್ಟೀರಿಯಾದ ಮುರ್‌ಐ ಡಿಎನ್‌ಎ ಗೈರೇಸ್ ಎಂಬ ಇನ್ನೊಂದು ಕಿಣ್ವವನ್ನು ಡಿಎನ್‌ಎ ಹಿಡಿಯದಂತೆ ತಡೆಯುತ್ತದೆಂದು ಪ್ರಕಟಿಸಿದರು. ಗೈರೇಸ್ ಡಿಎನ್‌ಎಯಲ್ಲಿ ಹುರಿಯನ್ನು ಹಾಕುತ್ತದೆ, ಮತ್ತು ಆ ಹುರಿ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ನೂರಾರು ವಂಶವಾಹಿಗಳ ನಕಲಿನ ವೇಗ ನಿಂತಿರುತ್ತದೆ; ಆದ್ದರಿಂದ ಗೈರೇಸನ್ನು ತಡೆಯುವ ಕಿಣ್ವಕ್ಕೆ ಒಂದೆರಡು ವಂಶವಾಹಿಗಳ ಮೇಲಲ್ಲ, ಇಡೀ ಕೋಶದ ಮೇಲೆಯೇ ಪ್ರಭಾವ ಬೀರುವ ಅವಕಾಶವಿದೆ. 2008ರಲ್ಲಿ ಅವರು ಮುರ್‌ಐಯ ಕ್ರಿಯಾಸ್ಥಾನವನ್ನು ಬದಲಿಸಿ ಗ್ಲುಟಮೇಟ್ ಹೊರಳಿಸುವ ಶಕ್ತಿಯನ್ನು ಕಳೆದರು. ಹಾಗೆ ಕಳೆದ ಮೇಲೂ ಗೈರೇಸನ್ನು ತಡೆಯುವ ಶಕ್ತಿ ಅದರಲ್ಲಿ ಉಳಿದೇ ಇತ್ತು. ಎರಡು ಕೆಲಸಗಳು ಒಂದರ ನೆರಳಾಗಿ ಇನ್ನೊಂದಿಲ್ಲವೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಕಷ್ಟ.

ಇದರ ಫಲ ಔಷಧದ ಅಂಗಡಿಯವರೆಗೂ ಚಾಚುತ್ತದೆ. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಪ್ರತಿಜೈವಿಕಗಳು ಹೊಡೆಯುವುದು ಗೈರೇಸಿಗೆ: ಅದು ಡಿಎನ್‌ಎಯನ್ನು ಕತ್ತರಿಸಿ ಮತ್ತೆ ಬೆಸೆಯುವ ಮುನ್ನ ಅದನ್ನು ಅದೇ ಸ್ಥಿತಿಯಲ್ಲಿ ಸಿಕ್ಕಿಹಾಕಿಸಿ, ಬ್ಯಾಕ್ಟೀರಿಯಾದ ಡಿಎನ್‌ಎ ತುಂಡಾಗುವಂತೆ ಮಾಡುತ್ತವೆ. ಮುರ್‌ಐಯನ್ನು ಹೆಚ್ಚಾಗಿ ತಯಾರಿಸುವಂತೆ ಮಾಡಿದ ಬ್ಯಾಕ್ಟೀರಿಯಾ ಸಿಪ್ರೊಫ್ಲಾಕ್ಸಸಿನ್ನಿನ ಏಟನ್ನು ಹೆಚ್ಚು ತಾಳಿಕೊಂಡದ್ದು ಬೆಂಗಳೂರಿನ ಪ್ರಯೋಗಗಳಲ್ಲಿ ಕಂಡುಬಂತು, ಏಕೆಂದರೆ ಮುರ್‌ಐ ಡಿಎನ್‌ಎಯಿಂದ ದೂರ ಹಿಡಿದಿಟ್ಟ ಗೈರೇಸ್ ಔಷಧದ ಬಲೆಗೂ ಬೀಳುವುದಿಲ್ಲ. ಮುರ್‌ಐ ಕೋಶಗೋಡೆಗೆ ಅನಿವಾರ್ಯವಾದ ಕಿಣ್ವವಾದ್ದರಿಂದ ಅದನ್ನೇ ಗುರಿಯಾಗಿಸಿ ಹೊಸ ಔಷಧಗಳನ್ನು ಹುಡುಕುವವರಿದ್ದಾರೆ. ಅವರು ಅದರ ಕ್ರಿಯಾಸ್ಥಾನವನ್ನು ಮುಚ್ಚುವ ಅಣುವನ್ನು ಕಂಡುಕೊಂಡರೆ ಕೋಶಗೋಡೆಯ ಕೆಲಸ ನಿಲ್ಲುತ್ತದೆ, ಆದರೆ ಗೈರೇಸನ್ನು ತಡೆಯುವ ಕೆಲಸ ಆ ಸ್ಥಾನವನ್ನು ಅವಲಂಬಿಸಿಲ್ಲವಾದ್ದರಿಂದ ಅದು ಉಳಿದುಕೊಳ್ಳಬಹುದು. ಅಂಥ ಔಷಧವನ್ನೂ ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧವನ್ನೂ ಒಟ್ಟಿಗೆ ಕೊಡುವ ಮುನ್ನ, ಮುರ್‌ಐಯ ಎರಡನೆಯ ಕಸುಬು ಆಗ ಏನಾಗುತ್ತದೆಂಬುದನ್ನು ಪ್ರಯೋಗಶಾಲೆಯಲ್ಲಿ ಮೊದಲು ಪರೀಕ್ಷಿಸಬೇಕಾಗುತ್ತದೆ.